ನಲವತ್ತೆಂಟು ಅರ್ಧ ಗಂಟೆಗಳು: ಹಳ್ಳಿಯಲ್ಲಿ ಕ್ಯಾನ್ಸರ್ ನಿಧಿ ಕೂಡಿಸಿದ ಬಗೆ

ಹಣ ಕೂಡಿಸಲು ನಾವು ನಡೆಸಿದ್ದು ಪಾಳಿಯ ಮೇಲೆ 24 ಗಂಟೆ ಮೈದಾನ ಸುತ್ತುವ ನಡಿಗೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಮೊದಲು ರಸೀದಿ ಪುಸ್ತಕ ಅಚ್ಚಾಗಬೇಕು. ರಸೀದಿ ಅಚ್ಚಾಗುವ ಮೊದಲು ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದು ತೀರ್ಮಾನವಾಗಿರಬೇಕು. ‘ಕ್ಯಾನ್ಸರ್ ನಿಧಿಗೆ’ ಎಂದಷ್ಟೇ ಬರೆದರೆ ಆಮೇಲೆ ಜಗಳ ತಪ್ಪಿದ್ದಲ್ಲ: ಕೊಟ್ಟವರಲ್ಲಿ ಅರ್ಧ ಜನ ಸಂಶೋಧನೆಗೆಂದು ಕೊಟ್ಟಿರುತ್ತಾರೆ, ಉಳಿದರ್ಧ ಪಕ್ಕದ ಮನೆಯ ರೋಗಿಗೆಂದು. ನಾವು ಎರಡು ಬಣ್ಣದ ರಸೀದಿ ಮಾಡಿಸಿದೆವು. ಹಳದಿ ಸಂಶೋಧನೆಗೆ, ನೀಲಿ ನೆರವಿಗೆ. ಎರಡಕ್ಕೂ ಕ್ರಮಸಂಖ್ಯೆ, ಎರಡಕ್ಕೂ ಬೇರೆ ಡಬ್ಬಿ.

ನಡಿಗೆಯ ಉಪಾಯ ನಮ್ಮದಲ್ಲ. 1985ರ ಮೇ ತಿಂಗಳಲ್ಲಿ ಅಮೆರಿಕದ ಟಕೋಮಾದಲ್ಲಿ ಗಾರ್ಡನ್ ಕ್ಲಾಟ್ ಎಂಬ ಶಸ್ತ್ರಚಿಕಿತ್ಸಕರು 24 ಗಂಟೆ ಮೈದಾನ ಸುತ್ತಿ ಸುಮಾರು 133 ಕಿಲೋಮೀಟರ್ ಕ್ರಮಿಸಿದರು. 25 ಡಾಲರ್ ಕೊಟ್ಟವರು ಅವರ ಜೊತೆ ಅರ್ಧ ಗಂಟೆ ಹೆಜ್ಜೆ ಹಾಕಬಹುದಿತ್ತು. ಕೂಡಿದ್ದು 27,000 ಡಾಲರ್. ಹಳ್ಳಿಗೆ ಹೊಂದುವುದು ಈ ಅರ್ಧ ಗಂಟೆಯ ಲೆಕ್ಕವೇ. ದಿನಕ್ಕೆ 48 ಪಾಳಿ. ಒಂದೊಂದು ಪಾಳಿ ಒಂದೊಂದು ಕುಟುಂಬಕ್ಕೋ ಸಂಘಕ್ಕೋ. ಸಂಜೆಯ ಪಾಳಿ ತಾನಾಗಿ ಭರ್ತಿಯಾಗುತ್ತದೆ. ಬೆಳಗಿನ ಜಾವ 2ರಿಂದ 5ರವರೆಗಿನ ಆರು ಪಾಳಿ ಯಾರಿಗೂ ಬೇಡ. ಅದನ್ನೇ ಮೊದಲು ಹಂಚಿ, ನಿದ್ದೆಗೆಟ್ಟು ರೂಢಿಯಿರುವ ಯುವಕರಿಗೆ.

ಸುತ್ತಳತೆಯನ್ನು ಟೇಪು ಹಿಡಿದೇ ಅಳೆಯಬೇಕು. ಮೂಲೆಯ ಗೂಟ ಒಂದಿಷ್ಟು ಸರಿಸಿ 250 ಮೀಟರಿಗೆ ತಂದರೆ ನಾಲ್ಕು ಸುತ್ತಿಗೆ ಒಂದು ಕಿಲೋಮೀಟರ್, ಮಕ್ಕಳೂ ಲೆಕ್ಕ ಹಾಕಬಲ್ಲರು. ಸುತ್ತು ಮುಗಿಸಿದವರ ಕೈಗೆ ಒಂದು ರಬ್ಬರ್ ಬ್ಯಾಂಡ್. ಪಾಳಿ ಮುಗಿದಾಗ ಬಿಚ್ಚಿ ಎಣಿಸಿ ಬರೆದುಕೊಳ್ಳುವುದು. ಕಾಗದದಲ್ಲಿ ಗೀಟು ಹಾಕುವ ಕ್ರಮ ಮೊದಲ ಮಳೆಹನಿಗೇ ಕರಗಿಹೋಗುತ್ತದೆ. ಒಂದೊಂದು ಸುತ್ತಿಗೂ ಇಷ್ಟು ಹಣ ಎಂದು ಮಾತು ಕೊಡುವವರ ಹತ್ತಿರ ಗರಿಷ್ಠ ಮೊತ್ತವನ್ನೂ ಬರೆಸಿಕೊಳ್ಳಿ. ಹುಡುಗ ಹುಮ್ಮಸ್ಸಿನಲ್ಲಿ 60 ಸುತ್ತು ಹಾಕಿಬಿಟ್ಟರೆ ಮಾತು ಕೊಟ್ಟ ಮಾವ ಮುಂದೆ ಕಣ್ಣಿಗೇ ಬೀಳುವುದಿಲ್ಲ. ಹೇಳಿದ್ದನ್ನು ಹತ್ತು ದಿನದೊಳಗೆ ವಸೂಲು ಮಾಡದಿದ್ದರೆ ಅದು ಬಂದ ಹಾಗೇ.

ಡಬ್ಬಿ ಒಡೆಯುವಾಗ ಮೂವರು: ಇಬ್ಬರು ಎಣಿಸುವವರು, ಒಬ್ಬ ಬರೆಯುವವ. ಇಬ್ಬರೂ ಬೇರೆಬೇರೆಯಾಗಿ ಎಣಿಸಿ ಮೊತ್ತ ಹೇಳಬೇಕು. ತಾಳೆಯಾದ ಮೇಲೆ ಮೂವರ ಸಹಿ. ಎಣಿಸಿದ ಹಣದಿಂದ ಜನರೇಟರಿನ ಡೀಸೆಲ್ಲಿಗೆ ಎಂದು ಒಂದು ನೋಟು ಎತ್ತಿಕೊಂಡರೂ ಲೆಕ್ಕ ಹಳ್ಳ ಹಿಡಿದಂತೆ. ಖರ್ಚಿಗೆ ಮೂರನೆಯ ಪುಸ್ತಕವೇ ಇರಲಿ. ದೀಪ, ಶಾಮಿಯಾನ, ನೀರನ್ನು ವಸ್ತುರೂಪದಲ್ಲೇ ಕೇಳಿದರೆ ಆ ಪುಸ್ತಕ ತೆಳ್ಳಗೇ ಉಳಿಯುತ್ತದೆ. ಕ್ಯುಆರ್ ಕೋಡ್ ಅಂಟಿಸಿದ ಕಡೆಯಲ್ಲೆಲ್ಲ ಬೆಳಿಗ್ಗೆ ಒಮ್ಮೆ ಸ್ಕ್ಯಾನ್ ಮಾಡಿ ಖಾತೆಯ ಹೆಸರು ನೋಡಿ, ಮೇಲೆ ಬೇರೆಯವರ ಚೀಟಿ ಅಂಟಿಸುವ ಚಾಲಾಕಿಗಳಿದ್ದಾರೆ. ನೆಟ್‌ವರ್ಕ್ ಇಲ್ಲದ ಮೈದಾನದಲ್ಲಿ ‘ಹೋಗಿದೆ’ ಅಂದದ್ದಕ್ಕೆಲ್ಲ ರಸೀದಿ ಹರಿಯಬೇಡಿ. ಹೆಸರು ಬರೆದಿಟ್ಟುಕೊಂಡು, ಖಾತೆಗೆ ಜಮೆಯಾದ ಮೇಲೆ ಕೊಡಿ.

ಎರಡು ವಿಷಯದಲ್ಲಿ ನಮ್ಮದು ಹಟವೇ ಸರಿ. ಕ್ಯಾನ್ಸರ್ ವಾಸಿಮಾಡುತ್ತೇವೆಂದು ಪುಡಿ, ಕಷಾಯ ಮಾರುವವರಿಗೆ ಮೈದಾನದಲ್ಲಿ ಮೇಜು ಇಲ್ಲ, ಎಷ್ಟೇ ದೇಣಿಗೆ ಕೊಡಲಿ. ತಂಬಾಕು ಮಾರುವವರ ಬ್ಯಾನರೂ ಇಲ್ಲ. ಇನ್ನು ಕ್ಯಾನ್ಸರಿನಿಂದ ಗುಣವಾದವರು ನಡೆಯುವ ಸುತ್ತಿಗೆ ಮೈಕಿನಲ್ಲಿ ಹೆಸರು ಕೂಗಿ ಕರೆಯಬಾರದು. ಕಾಯಿಲೆಯ ಸುದ್ದಿಯನ್ನು ಮನೆಯಲ್ಲೇ ಇಟ್ಟುಕೊಂಡವರು ಆ ಗುಂಪಿನಲ್ಲಿರುತ್ತಾರೆ.

ಹಳದಿ ಡಬ್ಬಿಯ ಹಣ ಪೂರ್ತಿಯಾಗಿ ಒಂದೇ ನೋಂದಾಯಿತ ಸಂಸ್ಥೆಗೆ, ಯೋಜನೆಗಳನ್ನು ಅದೇ ಕ್ಷೇತ್ರದ ತಜ್ಞರಿಂದ ಪರಿಶೀಲಿಸಿ ಹಣ ಹಂಚುವಂಥದ್ದಕ್ಕೆ. ‘ಸಂಶೋಧನೆಗೆ ಮಾತ್ರ’ ಎಂದು ಅವರ ರಸೀದಿಯಲ್ಲೇ ಬರೆಸಿಕೊಳ್ಳಿ.

ನೀಲಿ ಡಬ್ಬಿಯದು ಹೆಚ್ಚು ತಲೆನೋವು. ಹಳ್ಳಿಯ ರೋಗಿಯನ್ನು ಸುಸ್ತು ಮಾಡುವುದು ದಾರಿ. ವಿಕಿರಣ ಚಿಕಿತ್ಸೆ ಒಂದು ಸಲಕ್ಕೆ ಕೆಲವೇ ನಿಮಿಷ, ಆದರೆ ಹೆಚ್ಚಿನವರಿಗೆ ವಾರಕ್ಕೆ ಐದು ದಿನದಂತೆ ಹಲವು ವಾರ. ಅವರಿಗೆ ಬೇಕಾದ್ದು ಆಸ್ಪತ್ರೆಯ ಹತ್ತಿರ ಒಂದು ಕೋಣೆ. ಕಿಮೋ, ಅಂದರೆ ಔಷಧಿ ಕೊಟ್ಟು ಮಾಡುವ ಕ್ಯಾನ್ಸರ್ ಚಿಕಿತ್ಸೆ, ಎರಡು ಮೂರು ವಾರಕ್ಕೊಮ್ಮೆ ಇರುವವರಿಗೆ ಹೋಗಿಬರಲು ವಾಹನ ಸಾಕು. ಆದರೆ ಕಿಮೋ ಆದ 7ರಿಂದ 14ನೇ ದಿನದ ಆಸುಪಾಸಿನಲ್ಲಿ ಸಾಮಾನ್ಯವಾಗಿ ಸೋಂಕನ್ನು ಎದುರಿಸುವ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಸ್ಪತ್ರೆಗೆ ಹೋಗಲು ಬೆಳಗಾಗುವವರೆಗೆ ಕಾಯುವಂತಿಲ್ಲ. ಅರ್ಜಿ ಬರೆದು ಸಮಿತಿ ಸೇರುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ಹಾಗಾಗಿ ಒಂದು ರಾತ್ರಿಯ ವಾಹನ ಬಾಡಿಗೆಯಷ್ಟು ನಗದನ್ನು ಇಬ್ಬರ ಮನೆಯಲ್ಲಿ ಲಕೋಟೆಯಲ್ಲಿ ಇಟ್ಟಿದ್ದೇವೆ, ಮೇಲೆ ಚಾಲಕನ ನಂಬರು ಬರೆದು. ಲಕೋಟೆ ಒಡೆದವರು ಮರುದಿನ ಸಹಿ ಹಾಕಿದರಾಯಿತು.