ಬೆಸುಗೆ ಎಲ್ಲಿ ಬೀಳಬೇಕು: ಕನ್ನಡಿಗರಿಗೆ ಇಂಗ್ಲಿಷ್ ಕಂಜಂಕ್ಷನ್‌ಗಳ ಬಳಕೆ

ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿತ ಅನೇಕರು ಒಮ್ಮೆಯಾದರೂ ಬರೆದಿರಬಹುದಾದ ರಜಾ ಅರ್ಜಿಯ ವಾಕ್ಯವೊಂದಿದೆ: ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕ್ಯಾನಾಟ್ ಅಟೆಂಡ್ ಸ್ಕೂಲ್.’ ಕಿವಿಗೆ ಸಹಜವಾಗಿಯೇ ಕೇಳಿಸುವ ಈ ವಾಕ್ಯದಲ್ಲಿ ಒಂದು ಕಂಜಂಕ್ಷನ್, ಅಂದರೆ ಮಾತುಗಳನ್ನು ಜೋಡಿಸುವ ಪದ, ಹೆಚ್ಚಾಗಿದೆ. ‘ಆ್ಯಸ್’ ಇದ್ದರೆ ‘ಸೋ’ ಬೇಡ. ‘ಸೋ’ ಬೇಕೆಂದರೆ ‘ಆ್ಯಸ್’ ಬಿಡಬೇಕು. ನಿಯಮ ಇಷ್ಟೇ. ಆದರೆ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಕಾಣದೆ ನಿಯಮವನ್ನಷ್ಟೇ ಬಾಯಿಪಾಠ ಮಾಡಿದವರು ಮುಂದಿನ ಅರ್ಜಿಯಲ್ಲಿ ಮತ್ತೆ ಅದನ್ನೇ ಬರೆಯುತ್ತಾರೆ.

ತಪ್ಪಿನ ಮೂಲ ಕನ್ನಡದ ವಾಕ್ಯರಚನೆಯಲ್ಲಿದೆ. ‘ಜ್ವರ ಬಂದಿರುವುದರಿಂದ ಶಾಲೆಗೆ ಬರಲಾಗುತ್ತಿಲ್ಲ’ ಎನ್ನುವಾಗ ಎರಡು ಮಾತುಗಳನ್ನು ಕೂಡಿಸುವ ‘ಇಂದ’ ಮೊದಲ ಮಾತಿನ ಕೊನೆಯಲ್ಲಿ, ಅಂದರೆ ಸರಿಯಾಗಿ ಬೆಸುಗೆಯ ಜಾಗದಲ್ಲೇ ಬೀಳುತ್ತದೆ. ‘ಮಳೆ ಬಂದರೂ ಹೋದೆವು’, ‘ಕರೆದರೆ ಬರುತ್ತೇನೆ’ ಎಂಬಲ್ಲೂ ಹಾಗೆಯೇ. ಇಂಗ್ಲಿಷಿನ ‘ಆ್ಯಸ್’, ‘ಬಿಕಾಸ್’, ‘ಆಲ್ದೋ’, ‘ಇಫ್’ ಮುಂತಾದವು ಉಪವಾಕ್ಯದ ಕೊನೆಗೆ ಅಂಟುವುದಿಲ್ಲ, ಅದರ ತಲೆಯ ಮೇಲೆ ಕೂರುತ್ತವೆ. ಹೀಗಾಗಿ ಉಪವಾಕ್ಯವೇ ಮೊದಲು ಬಂದಾಗ ಬೆಸುಗೆಯ ಜಾಗದಲ್ಲಿ ಒಂದು ಅಲ್ಪವಿರಾಮದ ಹೊರತು ಏನೂ ಉಳಿಯುವುದಿಲ್ಲ. ಆ ಖಾಲಿ ಜಾಗವನ್ನು ಕನ್ನಡದ ಕಿವಿ ಸಹಿಸದೆ ಅಲ್ಲೊಂದು ‘ಸೋ’ ಅಥವಾ ‘ಬಟ್’ ತುಂಬಿಬಿಡುತ್ತದೆ. ‘ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್’ ಎಂಬುದು ಹುಟ್ಟುವುದು ಹೀಗೆ. ಹಳೆಯ ವ್ಯಾಕರಣ ಪುಸ್ತಕಗಳು ‘ದೋ’ ಜೊತೆಗೆ ‘ಯೆಟ್’ ಅನ್ನು ಒಪ್ಪಿಕೊಳ್ಳುತ್ತವೆ ನಿಜ, ಆದರೆ ಆ ರಿಯಾಯಿತಿ ‘ಬಟ್’ಗೆ ಸಿಕ್ಕಿಲ್ಲ.

ಇದಕ್ಕೆ ನಾನು ಸೂಚಿಸುವ ಉಪಾಯ, ಅನುಮಾನ ಬಂದಾಗಲೆಲ್ಲ ಮುಖ್ಯವಾಕ್ಯವನ್ನು ಮುಂದೆ ತರುವುದು. ‘ಐ ಕ್ಯಾನಾಟ್ ಅಟೆಂಡ್ ಸ್ಕೂಲ್ ಬಿಕಾಸ್ ಐ ಹ್ಯಾವ್ ಫೀವರ್’, ‘ವಿ ವೆಂಟ್ ಆಲ್ದೋ ಇಟ್ ವಾಸ್ ರೇನಿಂಗ್’ ಎಂದು ಬರೆದರೆ ಕಂಜಂಕ್ಷನ್ ತಾನಾಗಿಯೇ ನಡುವೆ ಬಂದು ನಿಲ್ಲುತ್ತದೆ, ಎರಡನೆಯದನ್ನು ಸೇರಿಸಲು ಜಾಗವೇ ಇರುವುದಿಲ್ಲ. ಈ ಕ್ರಮ ರೂಢಿಯಾದ ಮೇಲೆ ಉಪವಾಕ್ಯವನ್ನು ಮೊದಲು ಬರೆಯುವುದೂ ಕಷ್ಟವಾಗುವುದಿಲ್ಲ.

‘ಅನ್‌ಲೆಸ್’ ಇನ್ನೊಂದು ಬಗೆಯ ತೊಡಕು. ‘ನೀನು ಓದದಿದ್ದರೆ ಪಾಸಾಗುವುದಿಲ್ಲ’ ಎಂಬಲ್ಲಿ ಇಲ್ಲವೆನ್ನುವ ಅರ್ಥ ಕ್ರಿಯಾಪದದೊಳಗೇ ಇದೆ. ‘ಅನ್‌ಲೆಸ್’ ಆ ಅರ್ಥವನ್ನು ತನ್ನೊಳಗೆ ಹೊತ್ತುಕೊಂಡೇ ಬರುತ್ತದೆ. ಆದ್ದರಿಂದ ‘ಅನ್‌ಲೆಸ್ ಯು ಡೋಂಟ್ ಸ್ಟಡಿ’ ಎಂದರೆ ನಿಷೇಧ ಎರಡು ಬಾರಿಯಾಗಿ, ಓದಿದರೆ ಫೇಲಾಗುತ್ತೀಯ ಎಂಬ ವಿಚಿತ್ರ ಎಚ್ಚರಿಕೆಯಾಗುತ್ತದೆ. ‘ಅನ್‌ಲೆಸ್ ಯು ಸ್ಟಡಿ, ಯು ವಿಲ್ ನಾಟ್ ಪಾಸ್’ ಎಂದರೆ ಸಾಕು. ‘ಅನ್‌ಟಿಲ್’ ವಿಷಯದಲ್ಲಿ ‘ಅವನು ಬರುವ ತನಕ’ ಎಂಬ ಕನ್ನಡದ ಮಾತನ್ನೇ ನಂಬಬಹುದು, ಏಕೆಂದರೆ ಎರಡು ಭಾಷೆಗಳಲ್ಲೂ ಅಲ್ಲಿ ನಿಷೇಧವಿಲ್ಲ. ‘ಮಳೆ ಬಂದರೆ’, ‘ಅವನು ಬಂದಾಗ’ ಎನ್ನುವಾಗಲೂ ನಾವು ಭವಿಷ್ಯತ್ಕಾಲದ ರೂಪವನ್ನು ಬಳಸುವುದಿಲ್ಲ. ಇಂಗ್ಲಿಷ್ ಕೂಡ ಅಲ್ಲಿ ‘ವಿಲ್’ ಬೇಡವೆನ್ನುತ್ತದೆ: ‘ಇಫ್ ಇಟ್ ರೇನ್ಸ್’, ‘ವೆನ್ ಹಿ ಕಮ್ಸ್’.

‘ಎಂದು’ ಎಂಬ ಪದ ಮಾತ್ರ ಹೆಜ್ಜೆಹೆಜ್ಜೆಗೂ ಎಡವಿಸುತ್ತದೆ. ಹೇಳಿದ್ದಕ್ಕೂ ಕೇಳಿದ್ದಕ್ಕೂ ಕನ್ನಡಕ್ಕೆ ಅದೊಂದೇ ಸಾಕಾದ್ದರಿಂದ, ‘ಎಲ್ಲಿಗೆ ಹೊರಟೆ ಎಂದು ಕೇಳಿದ’ ಎಂಬುದು ‘ಹಿ ಆಸ್ಕ್ಡ್ ಮಿ ದಟ್ ವೇರ್ ಆರ್ ಯು ಗೋಯಿಂಗ್’ ಆಗಿಬಿಡುತ್ತದೆ. ಪ್ರಶ್ನಾಪದವೇ ಅಲ್ಲಿ ಬೆಸೆಯುವ ಕೆಲಸವನ್ನೂ ಮಾಡುವುದರಿಂದ ‘ದಟ್’ ಬಿಟ್ಟು ‘ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್’ ಎನ್ನಬೇಕು. ‘ಬರುತ್ತಾನೋ ಇಲ್ಲವೋ’ ಎಂಬಂಥ ಮಾತಿಗೆ ‘ವೆದರ್’ ಸರಿಹೊಂದುತ್ತದೆ.

‘ಹೌಎವರ್’ ಮತ್ತು ‘ಡಿಸ್ಪೈಟ್’ ಅರ್ಥದಲ್ಲಿ ಕಂಜಂಕ್ಷನ್‌ಗಳಂತೆ ಕಂಡರೂ ಆ ಗುಂಪಿಗೆ ಸೇರಿದವಲ್ಲ. ಮೊದಲನೆಯದರಿಂದ ಎರಡು ವಾಕ್ಯಗಳನ್ನು ಜೋಡಿಸುವಾಗ ಅದರ ಹಿಂದೆ ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು. ಎರಡನೆಯದರ ಮುಂದೆ ನಾಮಪದ ಬೇಕೇ ಹೊರತು ಇಡೀ ವಾಕ್ಯ ಬರುವಂತಿಲ್ಲ. ಜೋಡಿಪದಗಳಲ್ಲಿ ‘ಬೋತ್’ಗೆ ‘ಆ್ಯಂಡ್’ ಜೊತೆ, ‘ಆ್ಯಸ್ ವೆಲ್ ಆ್ಯಸ್’ ಅಲ್ಲ. ‘ನೈದರ್–ನಾರ್’ ಬಳಸಿದಾಗ ಕ್ರಿಯಾಪದ ತನಗೆ ಹತ್ತಿರವಿರುವ ಕರ್ತೃವನ್ನು ಅನುಸರಿಸುತ್ತದೆ: ‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ವರ್ ಪ್ರೆಸೆಂಟ್.’

ಪಟ್ಟಿ ಬರೆಯುವಾಗ ಕನ್ನಡದಲ್ಲಿ ‘ಅಣ್ಣನೂ ತಂಗಿಯೂ ಅಮ್ಮನೂ’ ಎಂದು ಪ್ರತಿ ಪದಕ್ಕೂ ‘ಊ’ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ‘ಆ್ಯಂಡ್’ ಅಥವಾ ‘ಆರ್’ ಸಾಮಾನ್ಯವಾಗಿ ಕೊನೆಯ ಪದದ ಹಿಂದೆ ಒಮ್ಮೆ ಮಾತ್ರ ಬರುತ್ತದೆ. ಅದರ ಹಿಂದೆ ಅಲ್ಪವಿರಾಮ ಬೇಕೇ ಬೇಡವೇ ಎಂಬುದರಲ್ಲಿ ಬರಹಗಾರರಿಗೆ ಒಮ್ಮತವಿಲ್ಲ. ಅರ್ಥ ಕವಲೊಡೆಯುವಂತಿದ್ದರೆ ಹಾಕುವುದೇ ಲೇಸು ಎಂಬುದು ನನ್ನ ಮತ. ಅಮೆರಿಕದ ಮೇನ್ ರಾಜ್ಯದ ಕಾನೂನೊಂದು ಯಾವ ಕೆಲಸಗಳಿಗೆ ಓವರ್‌ಟೈಮ್ ವೇತನವಿಲ್ಲ ಎಂದು ಪಟ್ಟಿ ಮಾಡುತ್ತ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂಬಲ್ಲಿಗೆ ಬಂದಿತ್ತು, ‘ಆರ್’ನ ಹಿಂದೆ ಅಲ್ಪವಿರಾಮವಿರಲಿಲ್ಲ. ವಿತರಣೆ ಎಂಬುದು ಬೇರೆಯೇ ಕೆಲಸವೋ, ವಿತರಣೆಗಾಗಿ ಪ್ಯಾಕ್ ಮಾಡುವುದಷ್ಟೇ ಉದ್ದೇಶವೋ ಎಂದು ಡೈರಿಯೊಂದರ ಹಾಲು ಸಾಗಿಸುವ ಚಾಲಕರು ಓವರ್‌ಟೈಮ್ ವೇತನಕ್ಕಾಗಿ ಕೋರ್ಟಿಗೆ ಹೋದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು, ಮರುವರ್ಷ ಡೈರಿಯು 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಶಾಸಕಾಂಗ ಆ ಪಟ್ಟಿಯನ್ನು ತಿದ್ದಿ ಬರೆದಾಗ ‘ಆರ್’ನ ಹಿಂದೆಯೂ ಸೇರಿ ಪ್ರತಿಯೊಂದು ಕೆಲಸದ ನಡುವೆ ಅರ್ಧವಿರಾಮ ಹಾಕಿತು.