ಮೇಲೆ, ಕೆಳಗೆ, ಬಲ, ಎಡ, ಮೇಲೆ: ಹೆಲ್‌ಡೈವರ್ಸ್ 2 ಕಲಿತ ನನ್ನ ಅನುಭವ

ಮೋಶಿ ಹತ್ತಿರ ನಮ್ಮ ಕಂಪನಿ ಬಸ್ಸು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಅರ್ಧ ಗಂಟೆ ಅಲ್ಲಾಡುವುದಿಲ್ಲ. 2024ರ ಮಳೆಗಾಲದಲ್ಲಿ ಆ ಅರ್ಧ ಗಂಟೆಯನ್ನು ನಾನು ಹೆಲ್‌ಡೈವರ್ಸ್ 2 ಅನ್ನುವ ವಿಡಿಯೋ ಗೇಮಿನ ಕೋಡ್‌ಗಳ ಬಾಯಿಪಾಠಕ್ಕೆ ಇಟ್ಟುಕೊಂಡಿದ್ದೆ. 'ಮೇಲೆ, ಕೆಳಗೆ, ಬಲ, ಎಡ, ಮೇಲೆ' ಎಂದರೆ ಸತ್ತ ಗೆಳೆಯನನ್ನು ಮತ್ತೆ ಆಟಕ್ಕೆ ಕರೆಸುವುದು. 'ಕೆಳಗೆ, ಕೆಳಗೆ, ಮೇಲೆ, ಬಲ' ಎಂದರೆ ಗುಂಡು, ಮದ್ದು ತರಿಸುವುದು. ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ ಬಾಯಲ್ಲೇ ಹೇಳಿಕೊಳ್ಳುತ್ತ, ಎಡಗೈ ಹೆಬ್ಬೆರಳನ್ನು ತೊಡೆಯ ಮೇಲೆ ಆಡಿಸುತ್ತ ಚಾಕಣ್ ಮುಟ್ಟುತ್ತಿದ್ದೆ.

ನಾನು ವಿಜಯಪುರದವನು. ಚಿಂಚ್‌ವಾಡದಲ್ಲಿ ಮನೆ, ಚಾಕಣ್‌ನಲ್ಲಿ ಶಿಫ್ಟ್ ಕೆಲಸ. ಈ ಆಟ ಹಿಡಿಸಿದವನು ಡೊಂಬಿವಿಲಿಯಲ್ಲಿರುವ ನಮ್ಮ ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ, 20 ವರ್ಷ. ಅವನದು ಕಂಪ್ಯೂಟರ್, ನನ್ನದು ಸೋನಿಯ ಗೇಮ್ ಯಂತ್ರ ಪಿಎಸ್5. ಆದರೂ ಇಬ್ಬರೂ ಒಂದೇ ಮಿಷನ್‌ನಲ್ಲಿ ಇಳಿಯಬಹುದು. ಪಿಎಸ್5ನಲ್ಲಿ ಜೊತೆಯಾಗಿ ಆಡಲು ಪಿಎಸ್ ಪ್ಲಸ್ ಅನ್ನುವ ಚಂದಾ ಬೇಕು, ಅಷ್ಟು ನೆನಪಿರಲಿ.

ಆಟ ಮಾಡಿದವರು ಸ್ವೀಡನ್ನಿನ ಆರೋಹೆಡ್ ಗೇಮ್ ಸ್ಟುಡಿಯೋಸ್. ಬಂದದ್ದು 2024ರ ಫೆಬ್ರವರಿಯಲ್ಲಿ. ಹೆಚ್ಚೆಂದರೆ ನಾಲ್ವರು ಸೇರಿ ಯಾವುದೋ ಗ್ರಹಕ್ಕೆ ಇಳಿಯುತ್ತೀರಿ. ನಾನು ಕಲಿಯುವಾಗ ಅಲ್ಲಿ ದೈತ್ಯ ಹುಳುಗಳೋ ರೋಬೋಗಳೋ ಇರುತ್ತಿದ್ದವು. ಕೊಟ್ಟ ಕೆಲಸ ಮುಗಿಸಿ, ವಿಮಾನ ಕರೆಸಿ, ಹತ್ತಿ ಬರಬೇಕು.

ಶುರುವಿನಲ್ಲಿ ಮಂಗಳ ಗ್ರಹದಲ್ಲಿ ಒಂದು ಟ್ರೈನಿಂಗ್ ಇದೆ. ಜನರಲ್ ಬ್ರಾಶ್ ಅನ್ನುವ ಅಧಿಕಾರಿ ಜೋರು ದನಿಯಲ್ಲಿ ಹೇಳಿಕೊಡುತ್ತಾನೆ. ತೆವಳುವುದು, ಹಾರಿ ಬೀಳುವುದು, ಗುಂಡು ಹಾರಿಸುವುದು, ಗ್ರೆನೇಡ್ ಎಸೆಯುವುದು, ಗಾಯವಾದಾಗ ಸ್ಟಿಮ್ ಚುಚ್ಚಿಕೊಳ್ಳುವುದು. ಕೊನೆಗೆ ಹೆಗಲಿಗೆ ಕೇಪ್ ಹಾಕಿ, ನೀನೀಗ ಹೆಲ್‌ಡೈವರ್ ಅನ್ನುತ್ತಾರೆ. ಎಲ್ಲ ಬೇಗ ಮುಗಿಯುತ್ತದೆ. ನಾನು ಅದನ್ನು ಮೂರು ಸಲ ಮಾಡಿದೆ. ಮೂರನೇ ಸಲಕ್ಕೆ ಗೊತ್ತಾಯಿತು, ಅಲ್ಲಿ ನಿಜವಾಗಿ ಕಲಿಯಬೇಕಾದದ್ದು ಸ್ಟ್ರಾಟಜೆಮ್ ಒಂದೇ. ಬಂದೂಕು ಹಾರಿಸುವುದು ಆಡುತ್ತ ಆಡುತ್ತ ತಾನೇ ಬರುತ್ತದೆ.

ಸ್ಟ್ರಾಟಜೆಮ್ ಅಂದರೆ ಮೇಲೆ ಅಂತರಿಕ್ಷದಲ್ಲಿರುವ ನಿಮ್ಮ ಹಡಗಿನಿಂದ ಬಾಂಬು, ಮೆಷಿನ್ ಗನ್, ಗುಂಡಿನ ಪೆಟ್ಟಿಗೆ ತರಿಸುವ ಕೋಡ್. ಬಾಣದ ಗುರುತುಗಳನ್ನು ಸರಿಯಾದ ಸಾಲಿನಲ್ಲಿ ಒತ್ತಬೇಕು. ಒತ್ತಿದ ಮೇಲೆ ಕೈಗೆ ಒಂದು ಚೆಂಡು ಬರುತ್ತದೆ. ಅದನ್ನು ಎಸೆದ ಜಾಗಕ್ಕೆ ಸಾಮಾನು ಬೀಳುತ್ತದೆ. ನೀಲಿ ಬೆಳಕಾದರೆ ನಮ್ಮ ಸಾಮಾನು. ಕೆಂಪಾದರೆ ಬಾಂಬು, ಅಲ್ಲಿಂದ ಓಡಬೇಕು. ನಡುವೆ ಒಂದು ಬಾಣ ತಪ್ಪಿದರೂ ಮೊದಲಿನಿಂದ ಒತ್ತಬೇಕು. ಕಂಟ್ರೋಲರ್‌ನಲ್ಲಿ ಇನ್ನೊಂದು ತೊಂದರೆ ಇದೆ. ಬಾಣ ಒತ್ತುವುದೂ ನಡೆಸುವುದೂ ಎರಡೂ ಎಡ ಹೆಬ್ಬೆರಳಿನ ಕೆಲಸ. ಕೋಡ್ ಹಾಕುವಷ್ಟು ಹೊತ್ತು ನೀವು ನಿಂತಲ್ಲೇ ನಿಂತಿರುತ್ತೀರಿ. ಮೊದಲ ವಾರ ನಾನು ಸತ್ತದ್ದು ಜಾಸ್ತಿ ಹೀಗೇ, ಬಾಣಗಳನ್ನು ನೋಡುತ್ತ ನಿಂತಾಗ.

ಅದಕ್ಕೇ ಬಾಯಿಪಾಠ. ಕಣ್ಣು ಹುಳುಗಳ ಮೇಲಿರಬೇಕು, ಬಾಣಗಳನ್ನು ಬೆರಳು ನೋಡಿಕೊಳ್ಳಬೇಕು. ಎಲ್ಲ ಕೋಡ್ ಒಟ್ಟಿಗೆ ಕಲಿಯಲು ಹೋಗಬೇಡಿ. ನಾನು ವಾರಕ್ಕೆ ಎರಡೇ ಕಲಿತೆ. ಮೊದಲು ಗೆಳೆಯನನ್ನು ಕರೆಸುವುದು ಮತ್ತು ಗುಂಡು ತರಿಸುವುದು. ಆಮೇಲೆ ಆರ್ಬಿಟಲ್ ಪ್ರಿಸಿಷನ್ ಸ್ಟ್ರೈಕ್, ಅಂದರೆ ಹಡಗಿನಿಂದ ಗುರಿಯಿಟ್ಟು ಹೊಡೆಸುವುದು, ಅದು ಬರೀ 'ಬಲ, ಬಲ, ಮೇಲೆ'. ಅದರ ಜೊತೆಗೆ ಮೆಷಿನ್ ಗನ್: 'ಕೆಳಗೆ, ಎಡ, ಕೆಳಗೆ, ಮೇಲೆ, ಬಲ'. ಕನ್ನಡದಲ್ಲಿ ಹೇಳಿಕೊಂಡರೆ ಇವಕ್ಕೆ ಒಂದು ಲಯ ಬರುತ್ತದೆ. ನಾನು ಇಂಗ್ಲಿಷಿನಲ್ಲಿ ಪ್ರಯತ್ನಿಸಿದಾಗ ನಾಲಿಗೆ ಮೇಲೆ ನಿಲ್ಲಲಿಲ್ಲ.

ಒಂದು ಎಚ್ಚರ. ಹೊರಗಿನ ಆಟಗಾರರನ್ನು ಸಹಾಯಕ್ಕೆ ಕರೆಯುವ ಎಸ್‌ಒಎಸ್ ಕೋಡ್ 'ಮೇಲೆ, ಕೆಳಗೆ, ಬಲ, ಮೇಲೆ'. ಗೆಳೆಯನನ್ನು ಕರೆಸುವ ಕೋಡಿಗೂ ಇದಕ್ಕೂ ಮೊದಲ ಮೂರು ಬಾಣ ಒಂದೇ. ಒಂದು ರಾತ್ರಿ ಅಳಿಯ ಸತ್ತು ಕಾಯುತ್ತಿದ್ದ. ಗಾಬರಿಯಲ್ಲಿ ನಾನು 'ಎಡ' ಬಿಟ್ಟುಬಿಟ್ಟೆ. ಅವನ ಬದಲು ಯಾರೋ ಹೊರಗಿನವರು ನಮ್ಮ ಮಿಷನ್‌ಗೆ ಬಂದು ಇಳಿದರು. ಅವತ್ತಿನಿಂದ ಆ 'ಎಡ'ವನ್ನು ಸ್ವಲ್ಪ ಒತ್ತಿ ಹೇಳುವುದು ರೂಢಿಯಾಗಿದೆ.

ಇನ್ನು ನಮ್ಮವರ ಗುಂಡಿಗೆ ನಮ್ಮವರೇ ಸಾಯುವ ವಿಷಯ. ಈ ಆಟದಲ್ಲಿ ಗುಂಡಿಗೆ ಗೆಳೆಯ, ಶತ್ರು ಅನ್ನುವ ಭೇದವಿಲ್ಲ. ಮೊದಮೊದಲು ಹೆಡ್‌ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು: "ಮಾಮಾ, ನಿಲ್ರಿ, ಮುಂದ ನಾ ಇದೀನಿ!" ಇದಕ್ಕೆ ನಾವು ಎರಡು ಕಟ್ಟಳೆ ಮಾಡಿಕೊಂಡೆವು. ಮುಂದೆ ಇರುವವನು ಮಲಗಿಬಿಡಬೇಕು, ಹಿಂದಿನವನು ಅವನ ತಲೆಯ ಮೇಲಿಂದ ಹೊಡೆಯಬೇಕು. ಕೆಂಪು ಚೆಂಡು ಎಸೆಯುವ ಮೊದಲು ಬಾಯಿಬಿಟ್ಟು ಹೇಳಬೇಕು. "ಬಾಂಬ್ ಹಾಕ್ತೀನಿ, ಎಡಕ್ಕ ಬಾ." ಇಷ್ಟು ಸಾಕು. ಯಾವ ಒಳ್ಳೆಯ ಬಂದೂಕಿಗಿಂತ ಈ ಎರಡು ಕಟ್ಟಳೆಯಿಂದ ನಮಗೆ ಜಾಸ್ತಿ ಉಪಯೋಗವಾಯಿತು. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ಆಟದಲ್ಲಿ ಈಗ ಕಷ್ಟದ 10 ಹಂತಗಳಿವೆ. ಒಂದು ಹಂತದ ಆಪರೇಷನ್, ಅಂದರೆ ಅದರ ಮಿಷನ್‌ಗಳನ್ನೆಲ್ಲ, ಪೂರ್ತಿ ಮುಗಿಸಿದರೆ ಮುಂದಿನದು ತೆರೆಯುತ್ತದೆ. ಅಳಿಯನಿಗೆ ಅವಸರ, ನೇರವಾಗಿ 5ಕ್ಕೆ ಹೋಗೋಣ ಅನ್ನುತ್ತಿದ್ದ. ನಾನು ಒಪ್ಪಲಿಲ್ಲ. 1 ಮತ್ತು 2ನ್ನು ಒಬ್ಬನೇ ಆಡಿದೆ. ಅಲ್ಲಿ ನಿಂತು ನೋಡುವುದಕ್ಕೆ ಸಮಯ ಸಿಗುತ್ತದೆ. ಸಣ್ಣ ಹುಳುವೊಂದು ತಲೆಯೆತ್ತಿ ಕಿತ್ತಳೆ ಬಣ್ಣದ ಹೊಗೆ ಬಿಟ್ಟರೆ ನೆಲದಿಂದ ಹಿಂಡು ಏಳುತ್ತದೆ. ರೋಬೋಗಳಲ್ಲಾದರೆ ಒಂದು ಆಕಾಶಕ್ಕೆ ಕೆಂಪು ಫ್ಲೇರ್ ಹಾರಿಸುತ್ತದೆ, ಹಡಗು ತುಂಬ ಹೊಸ ರೋಬೋಗಳು ಇಳಿಯುತ್ತವೆ. ದೊಡ್ಡದನ್ನು ಬಿಟ್ಟು ಮೊದಲು ಆ ಕರೆಯುವವನನ್ನು ಹೊಡೆಯಬೇಕು. ಇದು ನನಗೆ 2ನೇ ಹಂತದಲ್ಲೇ ಗೊತ್ತಾಯಿತು. 5ರಲ್ಲಿ ಆ ಗದ್ದಲದಲ್ಲಿ ಕಾಣುತ್ತಲೇ ಇರಲಿಲ್ಲ.

ಗುಂಡಿನ ಲೆಕ್ಕವನ್ನೂ ಅಲ್ಲೇ ಕಲಿತೆ. ಲಿಬರೇಟರ್ ರೈಫಲ್‌ನ ಮ್ಯಾಗಜೀನ್ ಅರ್ಧ ಇರುವಾಗ ರೀಲೋಡ್ ಮಾಡಿದರೆ ಉಳಿದ ಗುಂಡು ಹೋದ ಹಾಗೇ. ಬೇರೆ ಆಟಗಳ ಚಟದಿಂದ ನಾನು ಸುಮ್ನೆ ಸುಮ್ನೆ ರೀಲೋಡ್ ಒತ್ತುತ್ತಿದ್ದೆ. ಆ ಚಟ ಬಿಡಲು ಒಂದು ವಾರ ಹಿಡಿಯಿತು. ಗುಂಡಿನ ಪೆಟ್ಟಿಗೆ ಬಿದ್ದರೆ ಅದರಲ್ಲಿ ನಾಲ್ಕು ಪಾಲು ಇರುತ್ತವೆ, ಒಬ್ಬರಿಗೆ ಒಂದು. ಇಬ್ಬರೇ ಇದ್ದರೆ ಎರಡೆರಡು.

ಆಟದ ಹಣಕ್ಕೆ ರಿಕ್ವಿಸಿಷನ್ ಅನ್ನುತ್ತಾರೆ. ಮೊದಲು ಕೂಡಿಟ್ಟದ್ದರಲ್ಲಿ ನಾನು ಕೊಂಡದ್ದು ಎಕ್ಸ್‌ಪೆಂಡೆಬಲ್ ಆ್ಯಂಟಿ ಟ್ಯಾಂಕ್, ಒಂದೇ ಸಲ ಹಾರಿಸಿ ಬಿಸಾಡುವ ರಾಕೆಟ್. ಕೋಡ್ 'ಕೆಳಗೆ, ಕೆಳಗೆ, ಎಡ, ಮೇಲೆ, ಬಲ'. ಒಂದು ಸಲ ಕರೆದರೆ ಎರಡು ರಾಕೆಟ್ ಬರುತ್ತವೆ, ಒಂದು ನಿಮಿಷದ ಆಸುಪಾಸಿನಲ್ಲಿ ಮತ್ತೆ ಕರೆಯಬಹುದು. ಚಾರ್ಜರ್ ಅಂತ ಒಂದು ಹುಳು ಇದೆ. ಗೂಳಿಯ ಹಾಗೆ ನುಗ್ಗುತ್ತದೆ, ಎದುರಿನಿಂದ ರೈಫಲ್ ಗುಂಡು ತಾಗುವುದಿಲ್ಲ. ರಾಕೆಟ್ ತಲೆಗೆ ಸರಿಯಾಗಿ ಬಿದ್ದರೆ ಒಂದೇ ಏಟು. ಎರಡನೇ ರಾಕೆಟ್ಟನ್ನು ಗೆಳೆಯನಿಗೆ ಬಿಡಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ದೊಡ್ಡ ಬಾಂಬುಗಳನ್ನು ಆಮೇಲೆ ತಗೊಂಡರಾಯಿತು.

ಹಡಗಿಗೆ ಹೊಸ ಸಾಮರ್ಥ್ಯ ಬೇಕಾದರೆ ಸ್ಯಾಂಪಲ್ ಬೇಕು. ಅವು ನೆಲದ ಮೇಲೆ, ಹುಳುಗಳ ಗೂಡುಗಳ ಹತ್ತಿರ ಬಿದ್ದಿರುತ್ತವೆ. 4ನೇ ಹಂತದಿಂದ ಅಪರೂಪದ ಜಾತಿಯೂ ಸಿಗುತ್ತದೆ. ಹೊತ್ತವನು ಸತ್ತರೆ ಸ್ಯಾಂಪಲ್ ಅಲ್ಲೇ ಬೀಳುತ್ತದೆ. ಆದರೆ ವಿಮಾನ ಹತ್ತಿಸಿದರೆ ಯಾರು ತಂದರೂ ಎಲ್ಲರಿಗೂ ಪೂರ್ತಿ ಸಿಗುತ್ತದೆ. ಕಚ್ಚಾಟಕ್ಕೆ ಜಾಗವೇ ಇಲ್ಲ. ಈ ಆಟದಲ್ಲಿ ನನಗೆ ತುಂಬ ಇಷ್ಟವಾದದ್ದು ಇದು.

ಆಗಸ್ಟ್‌ನ ಒಂದು ಶನಿವಾರ, 4ನೇ ಹಂತ. ವಿಮಾನ ಇಳಿಯಲು ಇನ್ನು ಅರ್ಧ ನಿಮಿಷ. ಅಳಿಯ ದಾರಿಯಲ್ಲೇ ಸತ್ತ, ಎಲ್ಲ ಸ್ಯಾಂಪಲ್ ಅವನ ಹತ್ತಿರ ಇತ್ತು. ಬಂಡೆಯ ಮರೆಗೆ ಹೋಗಿ ಕೋಡ್ ಹಾಕಿದೆ, ಪರದೆಯ ಬಾಣ ನೋಡಲಿಲ್ಲ. ಚೆಂಡನ್ನು ಅವನು ಬಿದ್ದ ಕಡೆಗೇ ಎಸೆದೆ, ಮೇಲಿಂದ ಇಳಿದವನು ಅಲ್ಲೇ ಎತ್ತಿಕೊಳ್ಳಲಿ ಅಂತ. ಅವನು ಎತ್ತಿಕೊಂಡು ಓಡಿದ, ನಾನು ಹಿಂದೆ ಹುಳುಗಳನ್ನು ತಡೆದೆ. ಒಬ್ಬರು ಹತ್ತಿದರೆ ಉಳಿದವರಿಗೆ ಕೆಲವೇ ಸೆಕೆಂಡು ಸಿಗುತ್ತವೆ. ಅದಕ್ಕೆ ಅವನು ಬಾಗಿಲಲ್ಲೇ ನಿಂತು ಗುಂಡು ಹಾರಿಸುತ್ತ, "ಮಾಮಾ, ಲಗೂ ಬರ್ರಿ, ನೀವು ಬರೂತನಾ ನಾ ಹತ್ತಂಗಿಲ್ಲ!" ಅಂತ ಕೂಗುತ್ತಿದ್ದ. ಇಬ್ಬರೂ ಹತ್ತಿದೆವು. ಆ ಸ್ಯಾಂಪಲ್‌ನಿಂದ ಆ ರಾತ್ರಿಯೇ ಇಬ್ಬರೂ ನಮ್ಮ ನಮ್ಮ ಹಡಗಿಗೆ ಡೊನೇಷನ್ ಆ್ಯಕ್ಸೆಸ್ ಲೈಸೆನ್ಸ್ ತಗೊಂಡೆವು. ಅಂದಿನಿಂದ ಮೆಷಿನ್ ಗನ್ ಗುಂಡು ತುಂಬಿಕೊಂಡೇ ಇಳಿಯುತ್ತದೆ.