ಕಬಿನಿಗೆ ಎಷ್ಟು ದಿನ? ನನ್ನ ಲೆಕ್ಕ ಹೀಗಿದೆ

ಒಂದೇ ಕಾಡಿನಲ್ಲಿ ಮೂರು ರಾತ್ರಿ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. "ಅಷ್ಟ ದಿನ ಇರಾಕ ಹುಲಿ ಏನ್ ನಿನ್ನ ಬೀಗನೇನು?" ಅಂದರು ಸೋದರಮಾವ. ಏಪ್ರಿಲ್‌ನಲ್ಲಿ ನಾಗರಹೊಳೆ ಕಾಡಿನ ಕಬಿನಿ ಭಾಗದಲ್ಲಿ ಹುಲಿ ಕಂಡ ಮೇಲೆ ಮಾವ ಆ ಮಾತು ಎತ್ತಿಲ್ಲ.

ಹಿಂದೊಮ್ಮೆ ಒಂದು ಟ್ರಾವೆಲ್ಸ್‌ನವರ ಪ್ಯಾಕೇಜ್‌ನಲ್ಲಿ ಹೋಗಿದ್ದೆವು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ನಾಗರಹೊಳೆ, ಮೂರೂ ಒಂದೇ ಟೂರಿನಲ್ಲಿ. ಒಂದೊಂದು ಕಡೆ ಒಂದೊಂದೇ ಸಫಾರಿ. ನಾಲ್ಕು ಜನಕ್ಕೆ 50 ಸಾವಿರದ ಹತ್ತಿರ ಹೋಯಿತು. ಕಂಡಿದ್ದು ಜಿಂಕೆ, ಮುಸುವ, ಮತ್ತೆ ಜಾಸ್ತಿ ಹೊತ್ತು ಕಾರಿನ ಕಿಟಕಿ. ಒಂದು ಸಂಜೆಯಂತೂ ಸಫಾರಿ ಹೊರಟುಹೋಗಿತ್ತು, ನಾವಿನ್ನೂ ಘಾಟಿಯಲ್ಲೇ ಇದ್ದೆವು.

ಆಮೇಲೆ ದಿನ ಎಣಿಸುವುದು ಬಿಟ್ಟು ಸಫಾರಿ ಎಣಿಸತೊಡಗಿದೆ. ವಿಜಯಪುರದಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯೆಲ್ಲ ರೈಲು, ಮರುದಿನ ಮೈಸೂರು, ಅಲ್ಲಿಂದ ಮತ್ತೆ ಎರಡು ತಾಸು ರಸ್ತೆ. ಆ ದಿನದ ಸಂಜೆ ಸಫಾರಿಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದಿನಕ್ಕೆ ಬೆಳಗ್ಗೆ ಒಂದು, ಸಂಜೆ ಒಂದು ಸಫಾರಿ, ಹೊರಡುವ ದಿನ ಬೆಳಗಿನದು ಮಾತ್ರ. ಹಾಗಾಗಿ ಎರಡು ರಾತ್ರಿ ಇದ್ದರೆ ಕೈಗೆ ಸಿಗುವುದು ಮೂರೇ ಸಫಾರಿ. ಒಂದು ಮಳೆಗೆ ಹೋಯಿತು, ಒಂದು ಖಾಲಿ ಅನ್ನಿ, ಉಳಿದಿದ್ದೆಷ್ಟು? ಮೂರನೇ ರಾತ್ರಿ ಸೇರಿಸಿದರೆ ಐದಾಗುತ್ತದೆ. ರೈಲಿನ ಖರ್ಚು ಅಷ್ಟೇ ಇರುತ್ತದೆ, ಹೆಚ್ಚಾಗುವುದು ಒಂದು ದಿನದ ರೂಮು, ಊಟ, ಸಫಾರಿ ಟಿಕೆಟ್ ಮಾತ್ರ. ಹೋಂಸ್ಟೇನಲ್ಲಿ ಉಳಿದು, ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯ ಸಫಾರಿ ಬಸ್ಸು ಹಿಡಿದೆವು. ನಾಲ್ವರಿಗೆ ಎಲ್ಲ ಸೇರಿ 35 ಸಾವಿರದ ಆಸುಪಾಸು. ಬಸ್ಸಿನಲ್ಲಿ ಯಾವ ಸೀಟು ಹಿಡಿಯಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ!

ಮೊದಲ ಸಫಾರಿಯಲ್ಲಿ ಏನೂ ಇಲ್ಲ. ಅವತ್ತು ಸಂಜೆ ಗುಡುಗು ಸಹಿತ ಅಡ್ಡಮಳೆ, ಎಲ್ಲರೂ ತೊಯ್ದು ತಪ್ಪಡಿ. ಮರುದಿನ ಹಿನ್ನೀರಿನ ದಂಡೆಯಲ್ಲಿ ಆನೆಗಳ ಹಿಂಡು. ಬೇಸಿಗೆಯಲ್ಲಿ ನೀರು ಇಳಿದಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಅದಕ್ಕೆ ಬರುತ್ತವೆ. ಹುಲಿ ಸಿಕ್ಕಿದ್ದು ಅವತ್ತೇ ಸಂಜೆ. ಎರಡು ರಾತ್ರಿಗೆ ಬಂದಿದ್ದ ಪಕ್ಕದ ರೂಮಿನವರು ಮಧ್ಯಾಹ್ನವೇ ಗಂಟುಮೂಟೆ ಕಟ್ಟಿದ್ದರು. ದಾರಿಯಲ್ಲಿ ಒಂದು ಕಡವೆ ಬಾಲ ನಿಗುರಿಸಿ ಮುಂಗಾಲು ನೆಲಕ್ಕೆ ಕುಟ್ಟುತ್ತಾ ಕೂಗುತ್ತಿತ್ತು, ಹುಲಿ ಹತ್ತಿರದಲ್ಲಿದೆ ಅನ್ನೋ ಎಚ್ಚರಿಕೆ ಅದು. ಡ್ರೈವರ್ ಎಂಜಿನ್ ಆಫ್ ಮಾಡಿದರು. ಹತ್ತು ನಿಮಿಷ ಬಸ್ಸಿನಲ್ಲಿ ಪಿಟ್ಟೆನ್ನಲಿಲ್ಲ. ಲಂಟಾನ ಪೊದೆಯಿಂದ ಬಂತು ನೋಡಿ ಹುಲಿ, ಒಂದು ಮರಕ್ಕೆ ಬೆನ್ನು ಕೊಟ್ಟು ಬಾಲವೆತ್ತಿ ಮೂತ್ರ ಸಿಂಪಡಿಸಿತು, ರಸ್ತೆ ದಾಟಿತು. ಅರ್ಧ ನಿಮಿಷ ಇದ್ದಿರಬೇಕು.

ಹಾಗಂತ ನಾಲ್ಕು, ಐದು ರಾತ್ರಿಯೂ ಬೇಡ. ದಿನಾ ಐದಕ್ಕೇ ಎದ್ದು ಧೂಳು ಕುಡಿದು ಮಕ್ಕಳು ರಗಳೆ ತೆಗೆಯುತ್ತವೆ. ದೊಡ್ಡ ಕ್ಯಾಮೆರಾದವರ ಮಾತು ಬೇರೆ.

ಎಲ್ಲ ಕಾಡಿಗೂ ಇದೇ ಲೆಕ್ಕ ನಡೆಯುವುದಿಲ್ಲ. ಹಂಪಿ ಹತ್ತಿರದ ದರೋಜಿಗೆ ಒಂದು ಸಂಜೆ ಸಾಕು. ಬಂಡೆಗೆ ಸಿಹಿ ಹಚ್ಚಿಟ್ಟಿರುತ್ತಾರೆ, ಕರಡಿ ತಾನಾಗಿ ಬರುತ್ತದೆ. ದಾಂಡೇಲಿಗೆ ಎರಡು ರಾತ್ರಿ, ಅದೂ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗೆ. ಅಲ್ಲಿ ಹುಲಿ ನೋಡುತ್ತೇನೆಂದು ರೊಕ್ಕ ಸುರಿಯಬೇಡಿ, ಕಾಡು ದಟ್ಟ, ಹತ್ತು ಮಾರು ಆಚೆ ಏನಿದ್ದರೂ ಕಾಣದು.

ಮುಂದಿನ ಬೇಸಿಗೆಗೆ ಮಹಾರಾಷ್ಟ್ರದ ಹುಲಿ ಕಾಡು ತಾಡೋಬಾ. ಅಲ್ಲಿ ಕೋರ್, ಅಂದರೆ ಕಾಡಿನ ಒಳಭಾಗಕ್ಕೆ ಮಂಗಳವಾರ ರಜೆ. ಹಾಗಾಗಿ ಬುಧವಾರ ಬೆಳಗ್ಗೆಯಿಂದ ಶುಕ್ರವಾರ ಬೆಳಗ್ಗೆವರೆಗೆ ಐದು ಸಫಾರಿ ಹಾಕಿದ್ದೇನೆ. ವಾರಾಂತ್ಯದ ಹೆಚ್ಚಿನ ದರವೂ ಬೀಳುವುದಿಲ್ಲ.